ಇಂಪಾದ ದನಿಗೆ ಇಂಗ್ಲಿಷ್‌ನಲ್ಲಿ ಯಾವ ಪದ ಎಲ್ಲಿ?

ಪ್ರಶ್ನೆ: ಮೆಲೋಡಿಯಸ್, ಮೆಲೋಡಿಕ್, ಮೆಲಿಫ್ಲುಅಸ್, ಡಲ್ಸೆಟ್, ಸೊನೊರಸ್, ಹಾರ್ಮೋನಿಯಸ್. ನಿಘಂಟು ತೆಗೆದರೆ ಎಲ್ಲಕ್ಕೂ ‘ಇಂಪಾದ’, ‘ಮಧುರವಾದ’ ಅಂತಲೇ ಇರುತ್ತೆ. ಬರೆಯುವಾಗ ಯಾವುದನ್ನು ಎಲ್ಲಿ ಹಾಕಬೇಕು? ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1: ಪದದ ಅರ್ಥಕ್ಕಿಂತ ಅದರ ಜೊತೆ ಯಾವ ನಾಮಪದ ಬರುತ್ತೆ ನೋಡಿ. ಮೆಲೋಡಿಯಸ್ ಮೆಚ್ಚುಗೆಯ ಮಾತು. ಹಕ್ಕಿಯ ಕೂಗು, ಹಾಡುವ ದನಿ, ಮಾತಾಡುವ ದನಿ, ಎಲ್ಲಕ್ಕೂ ಸಲ್ಲುತ್ತೆ. ಮೆಲೋಡಿಕ್ ಅನ್ನೋದನ್ನೂ ಹೊಗಳಿಕೆಗೆ ಬಳಸ್ತಾರೆ, ಆದರೆ ಅದರ ಮುಖ್ಯ ಕೆಲಸ ಸಂಗೀತಶಾಸ್ತ್ರದಲ್ಲಿ. ಪಾಶ್ಚಾತ್ಯ ಸಂಗೀತದಲ್ಲಿ ಮೆಲೋಡಿಕ್ ಮೈನರ್ ಅಂತ ಒಂದು ಸ್ವರಶ್ರೇಣಿ ಇದೆ. ಕೇಳಲು ಹಿತವಾಗಿರಲಿ ಬಿಡಲಿ, ಹೆಸರು ಅದೇ. ಅಲ್ಲಿ ಮೆಲೋಡಿಯಸ್ ಮೈನರ್ ಅಂತ ಬರೆದರೆ ತಪ್ಪು.

ಉತ್ತರ 2: ಹಾರ್ಮೋನಿಯಸ್‌ಗೆ ಕಡಿಮೆ ಅಂದರೂ ಎರಡು ದನಿ ಬೇಕು, ಅವು ಒಂದಕ್ಕೊಂದು ಹೊಂದಬೇಕು. ಒಬ್ಬರೇ ಹಾಡುವಾಗ ಅವರ ಕಂಠಕ್ಕೆ ಇದು ಒಪ್ಪಲ್ಲ. ಟ್ಯೂನ್‌ಫುಲ್ ಅಂದರೆ ಸುಲಭವಾಗಿ ಗುನುಗಬಹುದಾದ ಧಾಟಿ. ಬರೀ ಮಾತಿಗೆ ಹಾಕಬೇಡಿ.

ಉತ್ತರ 3: ಮೆಲಿಫ್ಲುಅಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಎಲ್ಲರೂ ಎಡವೋದು ಇಲ್ಲೇ. ಲ್ಯಾಟಿನ್‌ನಲ್ಲಿ ಮೆಲ್ ಅಂದರೆ ಜೇನು, ಫ್ಲುಎರೆ ಅಂದರೆ ಹರಿಯೋದು. ಸಿಹಿ ಇದ್ದರೆ ಸಾಲದು, ತಡೆಯಿಲ್ಲದ ಹರಿವೂ ಬೇಕು. ನಿರರ್ಗಳವಾದ ಮಾತು, ಕೊಳಲಿನ ದೀರ್ಘ ನಾದ, ಇವಕ್ಕೆ ಸರಿ. ‘ಟಿಣ್’ ಅಂತ ಒಮ್ಮೆ ಸದ್ದಾಗಿ ನಿಲ್ಲೋ ಗಂಟೆಗೆ ಹೊಂದಲ್ಲ. ಸ್ಪೆಲಿಂಗ್‌ನಲ್ಲಿ ಎಲ್ ಜೋಡಿ, ಎಫ್ ಒಂದೇ. ಉಚ್ಚಾರಣೆಯಲ್ಲಿ ಒತ್ತು ‘ಲಿ’ ಮೇಲೆ.

ಡಲ್ಸೆಟ್ ವಿಷಯದಲ್ಲಿ ಹುಷಾರು. ಮೂಲ ಅರ್ಥ ಸಿಹಿಯೇ ಆದರೂ ‘ಡಲ್ಸೆಟ್ ಟೋನ್ಸ್’ ಅನ್ನೋದನ್ನ ಇವತ್ತು ಕರ್ಕಶ ದನಿಯನ್ನ ಅಣಕಿಸೋಕೂ ಬಳಸ್ತಾರೆ. ಅಭಿನಂದನಾ ಪತ್ರದಲ್ಲಿ ಬೇಡವೇ ಬೇಡ.

ಉತ್ತರ 4: ಸೊನೊರಸ್ ಅಂದಾಗ ‘ಇಂಪು’ ಮರೆತುಬಿಡಿ. ನಾವು ಕಂಚಿನ ಕಂಠ ಅಂತೀವಲ್ಲ, ಅದು. ತಗ್ಗಿನ, ತುಂಬಿದ, ಮೊಳಗುವ ದನಿ. ಮಗುವಿನ ಎಳೆ ದನಿಗೆ ಹಾಕಿದರೆ ವಾಕ್ಯವೇ ಕೆಡುತ್ತೆ. ಮೆಲೊ ಅಂದರೆ ಮಾಗಿದ, ಒರಟಿಲ್ಲದ ನಾದ. ಪಿಟೀಲಿನ ಜಾತಿಯ, ತಗ್ಗು ದನಿಯ ಚೆಲ್ಲೋ ವಾದ್ಯಕ್ಕೆ ಚೆನ್ನಾಗಿ ಕೂರುತ್ತೆ. ನಿಮ್ಮ ಪಟ್ಟಿಗೆ ಯೂಫೋನಿಯಸ್ ಸೇರಿಸಿಕೊಳ್ಳಿ. ಹೆಸರು, ಪದ, ಗದ್ಯ ಇವು ಉಚ್ಚರಿಸಿದಾಗ ಕಿವಿಗೆ ಹಿತವಾದರೆ ಅದೇ ಸರಿ.

ಪ್ರಶ್ನೆ ಕೇಳಿದವರು: ಮಗುವನ್ನು ಮಲಗಿಸುತ್ತಾ ಮೆಲ್ಲಗೆ ಲಾಲಿ ಹಾಡುವ ತಾಯಿಯ ದನಿಗೆ?

ಉತ್ತರ 3: ಸಾಫ್ಟ್ ಅಂತಲೇ ಬರೆಯಿರಿ. ಅಲ್ಲಿ ಮೆಲಿಫ್ಲುಅಸ್ ಹಾಕಿದರೆ ಓದುಗರಿಗೆ ತಾಯಿ ಕಾಣಲ್ಲ, ಪದ ಕಾಣುತ್ತೆ.