ಮಗನಿಗೆ ಏರೋಸ್ಪೇಸ್ ಬೇಕಂತೆ, ನನಗೆ ಮೆಕಾಟ್ರಾನಿಕ್ಸ್ ಆದೀತು ಅಂತ. ಎಂತ ಮಾಡುದು?

ಪೆರ್ಲದ ಹಾಳೆತಟ್ಟೆಯವ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವವ. ಮನೆಯ ಹಿಂದೆ ಶೆಡ್ಡಿನಲ್ಲಿ 3 ಪ್ರೆಸ್ ಉಂಟು. ಮೊದಲು ಕಾಲಿನಲ್ಲಿ ಒತ್ತುದಿತ್ತು, ಈಗ ಹೈಡ್ರಾಲಿಕ್. ಮಗ ಈ ಸಲ ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ಮುಗಿಸಿದ. ಗಣಿತ, ಫಿಸಿಕ್ಸಿನಲ್ಲಿ ಎ ಪ್ಲಸ್. ಹಿಂದಿಯ ವಿಷಯ ಕೇಳ್ಬೇಡಿ. ಪ್ಲಸ್ ಟೂ (ಕರ್ನಾಟಕದ ಪಿಯುಸಿ) ಬೇಡ, ಡಿಪ್ಲೊಮಾಕ್ಕೇ ಹೋಗುದು ಅಂತ ಹಟ. ಅಲ್ಲಿವರೆಗೆ ನನ್ನದೂ ತಕರಾರಿಲ್ಲ. ಜಗಳ ಇರುದು ಯಾವ ಡಿಪ್ಲೊಮಾ ಅಂತ.

ಅವನಿಗೆ ಏರೋಸ್ಪೇಸ್. ಯಾಕೆ ಅಂತ ಕೇಳಿದರೆ ಬಾಯಿ ಬಿಡುದಿಲ್ಲ. ಅವನ ಮಾವ ದುಬೈಯಲ್ಲಿ ಇರುದು. ಬಿಡ್ಲಿಕ್ಕೆ, ಕರೆದುಕೊಂಡು ಬರ್ಲಿಕ್ಕೆ ಬಜ್ಪೆ ಏರ್‌ಪೋರ್ಟಿಗೆ ಹೋದಾಗಲೆಲ್ಲ ಇವ ಕಾರಿನಿಂದ ಇಳಿದು ಬೇಲಿ ಹತ್ತಿರ ನಿಲ್ಲುದು. ಎಳೆದು ತರ್ಬೇಕು.

ನಾನು ಮೆಕಾಟ್ರಾನಿಕ್ಸ್ ಅಂತ ಹೇಳ್ಲಿಕ್ಕೆ ಕಾರಣ ಉಂಟು. ಕಳೆದ ಮಳೆಗಾಲ ಒಂದು ಪ್ರೆಸ್ಸಿನ ಡೈ (ತಟ್ಟೆ ಒತ್ತುವ ಬಿಸಿ ಅಚ್ಚು) ಕಾಯುದು ನಿಲ್ಲಲೇ ಇಲ್ಲ. ತಟ್ಟೆ ಎಲ್ಲ ದೋಸೆ ಸೀದ ಹಾಗೆ ಕರಿ. ಮೆಕ್ಯಾನಿಕ್ ಪುತ್ತೂರಿನಿಂದ ಬರ್ಬೇಕು, 2 ದಿನ ಆಗ್ತದೆ ಅಂದ. ಅಷ್ಟರಲ್ಲಿ ಇವ ಮೀಟರ್ ಹಿಡಿದು ಕೂತು, ಟೆಂಪರೇಚರ್ ಕಂಟ್ರೋಲರ್ ಸರಿಯಾಗಿಯೇ ಉಂಟು, ಕರೆಂಟ್ ಕೊಟ್ಟು ತಪ್ಪಿಸುವ ಸ್ವಿಚ್ಚು ಉಂಟಲ್ಲ, ಆ ರಿಲೇಯ ಒಳಗೆ ಪಾಯಿಂಟ್ ಸುಟ್ಟು ಅಂಟಿಕೊಂಡಿದೆ ಅಂತ ಹೇಳಿದ. ಹೊಸ ರಿಲೇ ಹಾಕಿದ ಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ.

ಈಗ ನನ್ನ ಸಂಶಯ. ಏರೋಸ್ಪೇಸ್ ಡಿಪ್ಲೊಮಾ ಆದವರಿಗೆ ಕೆಲಸ ಎಲ್ಲಿ ಸಿಗುದು? ಮೆಕಾಟ್ರಾನಿಕ್ಸ್ ಅಂದರೆ ಅರ್ಧ ಮೆಕ್ಯಾನಿಕಲ್, ಅರ್ಧ ಎಲೆಕ್ಟ್ರಾನಿಕ್ಸ್ ಆಗಿ, ಅತ್ತ ಅಲ್ಲ ಇತ್ತ ಅಲ್ಲ ಅಂತ ಆಗ್ತದಾ? ಮತ್ತೆ ಕಳಿಸುದು ಮಂಗಳೂರಿಗಾ, ಕಣ್ಣೂರು ಕಡೆಗಾ? ಇವನ ಮಲಯಾಳ ಬಸ್ಸು, ಅಂಗಡಿಗೆ ಸಾಕಾಗುವಷ್ಟೇ.

ಬದಿಯಡ್ಕ ಮಾಷ್ಟ್ರು:

ಪ್ಲಸ್ ಟೂ ಸಯನ್ಸ್ ಮಾಡಿಸಿ ಮಾರಾಯ್ರೆ. 15 ವರ್ಷದ ಹುಡುಗನಿಗೆ ಈಗಲೇ ಎಂತ ಅವಸರ? ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಬೇರೆ ನಿಯಮ ಉಂಟು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನಲ್ಲಿ 1ರಿಂದ 12ರ ಒಳಗೆ 7 ವರ್ಷ ಓದಿರಬೇಕು, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಒಂದು ಕನ್ನಡ ಪರೀಕ್ಷೆ ಬರೀಬೇಕು. ನಿಮ್ಮವನಿಗೆ ಎಲ್ಲ ಸಲ್ತದೆ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದಿಡಿ. ಆಮೇಲೆ ಹೆಡ್‌ಮಾಷ್ಟ್ರು ವರ್ಗ ಆಗಿ ಹೋದರೆ ಅಲೆದಾಟ.

ಪೆರ್ಲದ ಹಾಳೆತಟ್ಟೆಯವ:

ಮಾಷ್ಟ್ರೇ, ಪ್ಲಸ್ ಟೂ ಅಂತ ನಾನೂ ಹೇಳಿದೆ, ಇವಳೂ ಹೇಳಿದಳು. ಎರಡು ದಿನ ಊಟ ಬಿಟ್ಟ. ಸರ್ಟಿಫಿಕೇಟಿನ ವಿಷಯ ಮಾತ್ರ ಉಪಕಾರ ಆಯ್ತು.

ಟೂಲ್‌ರೂಮಿನವ:

ನಾನು ಮುಳ್ಳೇರಿಯದವ, 19 ವರ್ಷದಿಂದ ಬೆಂಗಳೂರು ಪೀಣ್ಯದಲ್ಲಿ. ನಮ್ಮ ಶಾಪಿನಲ್ಲಿ ಮಾಡುದೇ ವಿಮಾನದ ಪಾರ್ಟು. ಅಲ್ಯೂಮಿನಿಯಂ 7075 ಅನ್ನುವ ಗಟ್ಟಿ ಮಿಶ್ರಲೋಹ, ಟೈಟಾನಿಯಂ. 20 ಕಿಲೋದ ದಿಮ್ಮಿ ಹಾಕಿದರೆ ಕೊನೆಗೆ ಕೈಗೆ ಬರುದು 2 ಕಿಲೋದ ಪಾರ್ಟು, ಬಾಕಿ ಎಲ್ಲ ಕಡಿದ ಲೋಹದ ಚೂರು. ಆ ದಿಮ್ಮಿ ಯಾವ ಬ್ಯಾಚಿನದ್ದು, ಯಾರು ಯಾವ ಮಿಷನ್ನಿನಲ್ಲಿ ಕಡಿದರು ಅನ್ನುವುದೆಲ್ಲ ಕಾಗದದಲ್ಲಿ ಇರಬೇಕು, ಇಲ್ಲದಿದ್ದರೆ ಪಾರ್ಟು ಎಷ್ಟು ಚಂದ ಆಗಿದ್ದರೂ ಗುಜರಿಗೆ.

ಹೀಗೆ ವಿಮಾನದ್ದೇ ಕೆಲಸ ಮಾಡುವ ಶಾಪಿನಲ್ಲಿ ಏರೋನಾಟಿಕಲ್ (ಏರೋಸ್ಪೇಸಿನ ಹಾಗೆಯೇ ವಿಮಾನದ್ದು) ಡಿಪ್ಲೊಮಾದವರು ಎಷ್ಟು ಜನ ಗೊತ್ತುಂಟಾ? ಇಬ್ಬರು. ಒಬ್ಬ ಪ್ಲಾನಿಂಗಿನಲ್ಲಿ, ಒಬ್ಬ ಕ್ವಾಲಿಟಿಯಲ್ಲಿ. ಮಿಷನ್ ಮುಂದೆ ನಿಂತವರೆಲ್ಲ ಮೆಕ್ಯಾನಿಕಲ್, ಟೂಲ್ ಆ್ಯಂಡ್ ಡೈ, ಮೆಕಾಟ್ರಾನಿಕ್ಸ್. ಕಂಪನಿಗೆ ಬೇಕಾದದ್ದು ಕೈಯಲ್ಲಿರುವ ಕೆಲಸ, ಸರ್ಟಿಫಿಕೇಟಿನ ಮೇಲೆ ವಿಮಾನದ ಹೆಸರು ಉಂಟಾ ಇಲ್ವಾ ಅಂತ ಯಾರೂ ಕೇಳುದಿಲ್ಲ.

ದೂರ ಯಾಕೆ, ಬದಿಯಡ್ಕ ದಾಟಿ ಸೀತಾಂಗೋಳಿಗೆ ಹೋಗಿ ನೋಡಿ. 2012ರಲ್ಲಿ ಅಲ್ಲಿ ಎಚ್‌ಎಎಲ್ ಫ್ಯಾಕ್ಟರಿ ಶುರು ಆಯ್ತಲ್ಲ, ನಮ್ಮ ಊರಿನ ಅರ್ಧ ಜನ ಅಲ್ಲಿ ರೆಕ್ಕೆ ಜೋಡಿಸ್ತಾರೆ ಅಂತಲೇ ತಿಳಿದಿದ್ದಾರೆ. ಅಲ್ಲಿ ಆಗುದು ವಿಮಾನದ ಒಳಗೆ ಕೂರುವ ಕಂಪ್ಯೂಟರು. ಎಲೆಕ್ಟ್ರಾನಿಕ್ಸಿನ ಜಾಗ ಅದು.

ಅತ್ತ ಅಲ್ಲ ಇತ್ತ ಅಲ್ಲ ಅಂದಿರಲ್ಲ, ಅದಕ್ಕೆ ಒಂದು ಕಥೆ ಹೇಳ್ತೇನೆ. ಒಮ್ಮೆ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆದು ಲೋಹ ಕಡಿಯುವ ಮಿಷನ್) ಅಲಾರಂ ಕೊಟ್ಟು ನಿಂತಿತು. ಫಿಟ್ಟರ್ ಬಂದು ಕರೆಂಟಿಂದು ಅಂದ, ಎಲೆಕ್ಟ್ರಿಶಿಯನ್ ಬಂದು ಸ್ಲೈಡಿಂದು ಅಂದ. ಮಧ್ಯಾಹ್ನದವರೆಗೆ ಇದೇ ಆಯ್ತು. ಕೊನೆಗೆ ಮೆಕಾಟ್ರಾನಿಕ್ಸಿನ ಹುಡುಗ ಲಿಮಿಟ್ ಸ್ವಿಚ್ (ಸ್ಲೈಡ್ ತುದಿಗೆ ಬಂತು ಅಂತ ತಿಳಿಸುವ ಸ್ವಿಚ್) ಬಿಚ್ಚಿದರೆ ಒಳಗೆ ಕೂಲೆಂಟ್ ನೀರು, ಮಿಷನ್ ತಣ್ಣಗೆ ಇಡುವಂಥದ್ದು. ಸೀಲ್ ಹೋಗಿತ್ತು. ಎರಡು ಕೆಲಸದ ನಡುವಿನ ಸಂದಿಯಲ್ಲೇ ಮಿಷನ್ ಕೆಡುದು ಹೆಚ್ಚು. ಮೆಕಾಟ್ರಾನಿಕ್ಸ್ ಅನ್ನುವ ಹೆಸರು ಇಟ್ಟದ್ದೂ ಮೋಟರ್ ಮಾಡುವ ಕಂಪನಿಯೇ. ಜಪಾನಿನ ಯಾಸ್ಕಾವಾದಲ್ಲಿ ಟೆಟ್ಸುರೊ ಮೋರಿ ಅನ್ನುವ ಎಂಜಿನಿಯರ್, 1969ರಲ್ಲಿ.

ಮೆಕಾಟ್ರಾನಿಕ್ಸಿನ ಕೊರತೆಯನ್ನೂ ಹೇಳ್ಬೇಕು. ಸರ್ಕಾರಿ ಹುದ್ದೆಗಳ ಜಾಹೀರಾತಿನಲ್ಲಿ ಬ್ರಾಂಚಿನ ಹೆಸರು ಬರೆದಿರ್ತಾರೆ. ರೈಲ್ವೆ ಜೆಇ (ಜೂನಿಯರ್ ಎಂಜಿನಿಯರ್) ಪಟ್ಟಿಯಲ್ಲಿ ಮೆಕಾಟ್ರಾನಿಕ್ಸ್ ಉಂಟು, ಬೇರೆ ಕೆಲವು ಕಡೆ ಬರೇ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಅಂತ ಮಾತ್ರ. ಸರ್ಕಾರಿ ಕೆಲಸದ ಮೇಲೇ ಕಣ್ಣಿದ್ದರೆ ಸೀದಾ ಮೆಕ್ಯಾನಿಕಲ್ ಒಳ್ಳೇದು.

ಕಾಲೇಜು: ಮಂಗಳೂರು ಬೈಕಂಪಾಡಿಯಲ್ಲಿ ಜಿಟಿಟಿಸಿ (ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ) ಉಂಟು, ಕಣ್ಣೂರು ಕಡೆ ತಲಶ್ಶೇರಿಯಲ್ಲಿ ಎನ್‌ಟಿಟಿಎಫ್ ಅನ್ನುವ ತಾಂತ್ರಿಕ ತರಬೇತಿ ಸಂಸ್ಥೆ. ಎರಡೂ ಕಡೆ ದಿನದ ಹೆಚ್ಚಿನ ಹೊತ್ತು ವರ್ಕ್‌ಶಾಪಿನಲ್ಲೇ. ಮೊದಲ ವರ್ಷ ಅರ (ಫೈಲು) ಹಿಡಿದು ಕಬ್ಬಿಣ ಉಜ್ಜಿ ಉಜ್ಜಿ ಅಂಗೈ ಕಿತ್ತುಹೋಗ್ತದೆ, ನನಗೂ ಹೋಗಿತ್ತು. ಮುಂದೆ ಬಿಇ 2ನೇ ವರ್ಷಕ್ಕೆ ಸೇರುವ ಆಸೆ ಇದ್ದರೆ ಆ ಡಿಪ್ಲೊಮಾಕ್ಕೆ ಎಐಸಿಟಿಇ (ದೇಶದ ತಾಂತ್ರಿಕ ಶಿಕ್ಷಣ ಮಂಡಳಿ) ಒಪ್ಪಿಗೆ ಉಂಟಾ ಅಂತ ಫೀಸ್ ಕಟ್ಟುವ ಮೊದಲೇ ಕಾಗದ ಕೇಳಿ.

ಉಪ್ಪಳದಕ್ಕ:

ಅಣ್ಣ, ನಾನು ಏರೋನಾಟಿಕಲ್ ಡಿಪ್ಲೊಮಾ ಮಾಡಿದವಳೇ. ಕಾಲೇಜಿನ ಹೆಸರು ಬೇಡ. ಜಾಹೀರಾತಿನ ಫೋಟೋದಲ್ಲಿ ಒಂದು ವಿಮಾನದ ಎಂಜಿನ್ ಇತ್ತು. ಸೇರಿದ ಮೇಲೆ ನೋಡಿದರೆ ಅದು ಗಾಜಿನ ಬಾಗಿಲಿನ ಕೋಣೆಯಲ್ಲಿ, ಬಾಗಿಲಿಗೆ ಬೀಗ. 3 ವರ್ಷದಲ್ಲಿ ಒಂದು ಬೋಲ್ಟ್ ಮುಟ್ಟಲಿಲ್ಲ ನಾವು. ನೀವು ಯಾವ ಕಾಲೇಜಿಗೆ ಹೋದರೂ ಲ್ಯಾಬಿನ ಸ್ಪಾನರ್ ನೋಡಿ, ಎಣ್ಣೆ ಹಿಡಿದಿದೆಯಾ ಅಂತ. ಹೊಳೀತಾ ಇದ್ದರೆ ಮನೆಗೆ ಬನ್ನಿ.

ನನಗೆ ಬೇಸರ ಇರುದು ಇನ್ನೊಂದಕ್ಕೆ. ಈ ಡಿಪ್ಲೊಮಾ ಆದರೆ ವಿಮಾನ ರಿಪೇರಿ ಮಾಡಿ ಸಹಿ ಹಾಕಬಹುದು ಅಂತ ನಾನು, ಅಪ್ಪ ಇಬ್ಬರೂ ನಂಬಿದ್ದೆವು. ಸಹಿ ಹಾಕ್ಲಿಕ್ಕೆ ಡಿಜಿಸಿಎಯ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ) ಎಎಂಇ, ಅಂದರೆ ವಿಮಾನ ನಿರ್ವಹಣೆಯ ಎಂಜಿನಿಯರ್ ಲೈಸೆನ್ಸ್ ಬೇಕು. ಅದು ಬೇರೆಯೇ ದಾರಿ. ಬಿ1 ಅಂದರೆ ಎಂಜಿನ್, ಬಾಡಿ. ಬಿ2 ಅಂದರೆ ಏವಿಯಾನಿಕ್ಸ್, ವಿಮಾನದ ಎಲೆಕ್ಟ್ರಾನಿಕ್ಸ್. ಅದಕ್ಕೆ ಸಾಮಾನ್ಯವಾಗಿ ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ಕಲಿಯುದು. ಪ್ಲಸ್ ಟೂನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಇದ್ದವರು ಸೀದಾ ಅಲ್ಲಿಗೇ ಸೇರ್ತಾರೆ. ಹಾಗಾಗಿ ಮಾಷ್ಟ್ರು ಹೇಳಿದ್ದು ಪೂರ್ತಿ ತಪ್ಪಲ್ಲ. ಹುಡುಗನಿಗೆ ವಿಮಾನದ ರಿಪೇರಿಯೇ ಬೇಕು ಅಂತಾದರೆ ಎರಡೂ ಡಿಪ್ಲೊಮಾ ಬಿಡಿ, ಪ್ಲಸ್ ಟೂ ಮಾಡಿಸಿ.

ಅವನನ್ನು ಏರೋಸ್ಪೇಸ್ ಯಾಕೆ ಅಂತ ಕೇಳ್ಬೇಡಿ. ಬಜ್ಪೆಯಲ್ಲಿ ಬೇಲಿ ಹತ್ತಿರ ನಿಂತು ಎಂತ ನೋಡ್ತಿದ್ದಿ ಅಂತ ಕೇಳಿ.

ಪೆರ್ಲದ ಹಾಳೆತಟ್ಟೆಯವ:

ಅಕ್ಕಾ, ಕೇಳಿದೆ. ರಾತ್ರಿ ಊಟಕ್ಕೆ ಕೂತಾಗ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಕೈಯನ್ನೇ ರೆಕ್ಕೆಯ ಹಾಗೆ ಹಿಡಿದು, ಬೆರಳು ಬಗ್ಗಿಸಿ ತೋರಿಸಿದ. ಇಳಿಯುವಾಗ ರೆಕ್ಕೆಯ ಹಿಂದಿನ ಅಂಚು ತುಂಡು ತುಂಡಾಗಿ ಹಿಂದೆ ಸರಿದು ಕೆಳಗೆ ಬಗ್ಗುತ್ತದಲ್ಲ, ಎರಡೂ ಕಡೆ ಒಂದೇ ಸಮ ಹೇಗೆ ಬಗ್ಗುದು, ಒಂದು ಕಡೆ ಸಿಕ್ಕಿಕೊಂಡರೆ ಎಂತ ಆಗ್ತದೆ ಅಂತ ನನ್ನನ್ನೇ ಕೇಳಿದ. ನನಗೆ ಎಂತ ಗೊತ್ತು?

ಟೂಲ್‌ರೂಮಿನವ:

ಹೇಳಿ ಅವನಿಗೆ: ಅದರ ಹೆಸರು ಫ್ಲ್ಯಾಪ್. ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ ನಡುವೆ ಹೈಡ್ರಾಲಿಕ್ ಮೋಟರ್, ಅಲ್ಲಿಂದ ಎರಡೂ ರೆಕ್ಕೆಗೆ ಉದ್ದಕ್ಕೆ ಶಾಫ್ಟ್, ಶಾಫ್ಟಿನಿಂದ ಸ್ಕ್ರೂ. ನಡುವಿನಿಂದಲೇ ಎರಡೂ ಕಡೆ ತಿರುಗಿಸುದರಿಂದ ಒಂದೇ ಸಮ. ತುದಿಯಲ್ಲಿ ಸೆನ್ಸರ್ ಉಂಟು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಕಂಪ್ಯೂಟರ್ ಇದ್ದಲ್ಲೇ ನಿಲ್ಲಿಸ್ತದೆ. ಮೋಟರ್, ಸ್ಕ್ರೂ, ಸೆನ್ಸರ್, ಕಂಪ್ಯೂಟರ್. ಇದನ್ನೇ ಮೆಕಾಟ್ರಾನಿಕ್ಸ್ ಅಂತ ಕಲಿಸುದು ಅಣ್ಣ. ನೀವಿಬ್ಬರು ಜಗಳ ಮಾಡಿದ್ದು ಒಂದೇ ವಿಷಯಕ್ಕೆ.

ಪೆರ್ಲದ ಹಾಳೆತಟ್ಟೆಯವ:

ಓದಿ ಹೇಳಿದೆ. ಬರುವ ಸೋಮವಾರ ಬೈಕಂಪಾಡಿಗೆ ಹೋಗಿ ಸ್ಪಾನರ್ ನೋಡಿ ಬರುದು ಅಂತ ಆಯ್ತು, ಅವನೂ ಬರ್ತಾನೆ. ಸದ್ಯಕ್ಕೆ ಒಂದು ಪ್ರೆಸ್ಸಿನ ಹೈಡ್ರಾಲಿಕ್ ಪಂಪಿನ ಕವರ್ ಬಿಚ್ಚಿ ನೆಲದಲ್ಲಿ ಹರಡಿ ಕೂತಿದ್ದಾನೆ. ನಾಳೆ ಮದುವೆ ಮನೆಗೆ 500 ತಟ್ಟೆ ಕೊಡ್ಲಿಕ್ಕುಂಟು.