ದೊಡ್ಡಪ್ಪನ ಪ್ರಶ್ನೆಗೆ ಉತ್ತರ: ನನ್ನ ತರಗತಿಯಲ್ಲಿ ಮೊಬೈಲ್ ಮಾಡುವ ಕೆಲಸ

ದೊಡ್ಡಪ್ಪ, ನಮಸ್ಕಾರ. ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನೀವು ಮನೆಯವರ ಗುಂಪಿಗೆ ಹಾಕಿದ್ದ ಧ್ವನಿ ಸಂದೇಶವನ್ನು ಬೆಳಿಗ್ಗೆ ಬಸ್ಸಿನಲ್ಲಿ ಕೇಳಿಸಿಕೊಂಡೆ. ‘34 ವರ್ಷ ಕಪ್ಪು ಹಲಗೆ, ಸೀಮೆಸುಣ್ಣದಲ್ಲೇ ಮಕ್ಕಳನ್ನು ದಡ ಮುಟ್ಟಿಸಿದೆವು. ನಿಮಗೆ ಮೊಬೈಲ್ ಇಲ್ಲದೆ ಪಾಠ ಮಾಡಲು ಏಕೆ ಆಗುವುದಿಲ್ಲ?’ ಎಂದು ಕೇಳಿದ್ದೀರಿ. ಅದರ ಕೆಳಗೇ ಬಿ.ಎಡ್. ಸೇರಲಿರುವ ನಮ್ಮ ಪುಟ್ಟಿ, ‘ಅಕ್ಕ, ಯಾವ ಲ್ಯಾಪ್‌ಟಾಪ್ ಕೊಳ್ಳಲಿ?’ ಎಂದಿದ್ದಾಳೆ. ಎರಡಕ್ಕೂ ಸೇರಿಸಿಯೇ ಉತ್ತರ ಹೇಳುತ್ತೇನೆ. ಬಸ್ಸು ಬರಲು ಇನ್ನೂ ಸಮಯವಿದೆ, ಸ್ವಲ್ಪ ಉದ್ದವಾದರೂ ಪೂರ್ತಿ ಕೇಳಿ.

ಬಿ.ಎಡ್. 2015ರಿಂದ ಎರಡು ವರ್ಷದ ಕೋರ್ಸ್ ಆಗಿರುವುದು ನಿಮಗೆ ಗೊತ್ತು. ಅದರಲ್ಲಿ ಒಟ್ಟು 20 ವಾರ ಶಾಲೆಯಲ್ಲೇ ಇರಬೇಕು. ಮೊದಲ ವರ್ಷ ಕಾಲೇಜಿನಲ್ಲಿ ಸೂಕ್ಷ್ಮಬೋಧನೆ ಮಾಡಿದೆವು. ಸಹಪಾಠಿಗಳನ್ನೇ ವಿದ್ಯಾರ್ಥಿಗಳೆಂದು ಕೂರಿಸಿ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷದಲ್ಲಿ ಪಾಠಯೋಜನೆ ತಿದ್ದಿ ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ವಿಮರ್ಶೆ. ಅಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು, ಏಕೆಂದರೆ ಎಲ್ಲರೂ ಪದವೀಧರರು. ಮಾಹಿತಿ ತಂತ್ರಜ್ಞಾನಕ್ಕೆಂದು ಒಂದು ಪತ್ರಿಕೆ ಇತ್ತು. ಅದಕ್ಕೆ ಟಿಪ್ಪಣಿ ಬರೆದದ್ದೇ ಹೆಚ್ಚು, ಕೀಲಿಮಣೆ ಮುಟ್ಟಿದ್ದು ಕಡಿಮೆ. ಹಾಗಾಗಿ ನನ್ನ ನಿಜವಾದ ಕಲಿಕೆ ಶುರುವಾದದ್ದು ಈಗ, ಹೇಮಾವತಿ ನಾಲೆಯ ಬದಿಯ ಈ ಹೋಬಳಿ ಶಾಲೆಯಲ್ಲಿ.

ಹತ್ತನೆಯ ತರಗತಿಯನ್ನು ನಮ್ಮಂತಹ ಪ್ರಶಿಕ್ಷಣಾರ್ಥಿಗಳ ಕೈಗೆ ಸುಲಭವಾಗಿ ಕೊಡುವುದಿಲ್ಲ. ಇಲ್ಲಿನ ವಿಜ್ಞಾನ ಶಿಕ್ಷಕಿ ಧೈರ್ಯ ಮಾಡಿ ‘ವಿದ್ಯುಚ್ಛಕ್ತಿ’ ಘಟಕವನ್ನು ನನಗೆ ಬಿಟ್ಟುಕೊಟ್ಟರು. ನಾನು ಮೂರು ರಾತ್ರಿ ಕುಳಿತು 42 ಸ್ಲೈಡುಗಳನ್ನು ಮಾಡಿಕೊಂಡು ಹೋದೆ. ಬೀರುವಿನಿಂದ ಪ್ರೊಜೆಕ್ಟರ್ ತೆಗೆಸಿ ಹೊಂದಿಸುವಷ್ಟರಲ್ಲೇ 12 ನಿಮಿಷ ಕಳೆಯಿತು. ಕೊಠಡಿಯ ಕಿಟಕಿಗಳಿಗೆ ಪರದೆ ಇಲ್ಲ, ಗೋಡೆಗೆ ನೀಲಿ ಬಣ್ಣ. ಹಿಂದಿನ ಬೆಂಚಿನವರಿಗೆ ಅಕ್ಷರಗಳು ಕಂಡವೋ ಇಲ್ಲವೋ ಎಂದು ಕೇಳುವುದೂ ನನಗೆ ತೋಚಲಿಲ್ಲ. ಒಂದಾದ ಮೇಲೊಂದು ಸ್ಲೈಡು ಓದುತ್ತ ಹೋದೆ. ಪಾಠ ಮುಗಿದ ಮೇಲೆ ಶಿಕ್ಷಕಿ ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಗೋಡೆಯನ್ನು ನೋಡಿದಷ್ಟು ಹೊತ್ತು ಮಕ್ಕಳ ಮುಖ ನೋಡಿಲ್ಲ.’

ದೊಡ್ಡಪ್ಪ, ಆ ದಿನದ ಮಟ್ಟಿಗೆ ನೀವು ಹೇಳಿದ್ದೇ ಸರಿ. ಸೀಮೆಸುಣ್ಣ ಹಿಡಿದಿದ್ದರೆ ಬರೆಯುವ ನೆಪದಲ್ಲಾದರೂ ನಿಧಾನ ಮಾಡುತ್ತಿದ್ದೆ, ಬರೆದು ಮಕ್ಕಳ ಕಡೆ ತಿರುಗುತ್ತಿದ್ದೆ.

ಆಮೇಲೆ ಪ್ರಶ್ನೆಗಳ ಕಡೆ ಹೊರಳಿದೆ. ಗೂಗಲ್ ಫಾರ್ಮ್‌ನಲ್ಲಿ 20 ಅಂಕದ ಆನ್‌ಲೈನ್ ಪರೀಕ್ಷೆ ಮಾಡಿದರೆ ತಿದ್ದುವ ಕೆಲಸ ತಪ್ಪುತ್ತದೆ ಎಂದು ಕೇಳಿದ್ದೆ. ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದವು. ಅವುಗಳನ್ನು ನಕಲು ಮಾಡಿ ಫಾರ್ಮ್‌ಗೆ ಅಂಟಿಸಿದೆ. ಕನ್ನಡ ಮಾಯ! ತಲೆಯ ಮೇಲೆ ಗೆರೆ, ಸೊನ್ನೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟ್ಟಿ, ಇದನ್ನು ಗಮನವಿಟ್ಟು ಕೇಳು, ಏಕೆಂದರೆ ನಿನಗೂ ಇದು ಬಂದೇ ಬರುತ್ತದೆ. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದಾಗ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಫಾಂಟಿನ ವೇಷ ತೊಟ್ಟಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ವೇಷ ಕಳಚಿದರೆ ಕನ್ನಡವೂ ಹೋಯಿತು. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಹಾಗಲ್ಲ, ಅಲ್ಲಿ ನಮ್ಮ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿವೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿ ಸೇರಿದೆ. ಹಾಗಿದ್ದರೂ ಇಷ್ಟು ವರ್ಷಗಳ ಪ್ರಶ್ನೆಪತ್ರಿಕೆಗಳು, ಟಿಪ್ಪಣಿಗಳು ಹಳೆಯ ಫಾಂಟಿನಲ್ಲೇ ಸಿಕ್ಕಿಕೊಂಡಿವೆ ಎನ್ನುವುದು ನನಗೆ ನಿಜವಾಗಿ ನೋವಿನ ವಿಷಯ. ಎಷ್ಟು ಮೇಷ್ಟ್ರುಗಳ ಎಷ್ಟು ರಾತ್ರಿಗಳ ದುಡಿಮೆ ಅದು! ಹಳೆಯ ಫಾಂಟನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಕ್ಕೆ ಹಾಕಿದೆ. ಮುಕ್ಕಾಲು ಪಾಲು ಸರಿಯಾಯಿತು, ಅರ್ಕಾವತ್ತು ಮಾತ್ರ ಅಲ್ಲಲ್ಲಿ ಜಾಗ ತಪ್ಪಿ ಕುಳಿತಿತ್ತು. ಕೊನೆಗೆ ಒಂದೊಂದೇ ಪದ ನೋಡಿ ತಿದ್ದಿದೆ.

ಅಷ್ಟು ಶ್ರಮಪಟ್ಟ ಪರೀಕ್ಷೆಯ ಕೊಂಡಿಯನ್ನು ಪೋಷಕರ ಗುಂಪಿಗೆ ಕಳುಹಿಸಿದೆ. ತರಗತಿಯಲ್ಲಿರುವವರು 38 ಮಕ್ಕಳು, ಉತ್ತರ ಬಂದದ್ದು 15. ಮಾರನೆಯ ದಿನ ಉಳಿದವರನ್ನು ಎದ್ದು ನಿಲ್ಲಿಸಿ ಕೇಳಲು ಹೊರಟಿದ್ದೆ. ಶಿಕ್ಷಕಿ ಕಣ್ಸನ್ನೆಯಲ್ಲೇ ತಡೆದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಮೆಲ್ಲಗೆ ವಿಚಾರಿಸಿದೆ. ಒಬ್ಬನ ಮನೆಯಲ್ಲಿ ಇರುವ ಒಂದು ಮೊಬೈಲ್ ಲಾರಿ ಓಡಿಸುವ ತಂದೆಯ ಬಳಿ, ತಂದೆ ವಾರಕ್ಕೊಮ್ಮೆ ಮನೆಗೆ. ಇನ್ನೊಬ್ಬಳ ಮನೆಯಲ್ಲಿ ರೀಚಾರ್ಜ್ ಮುಗಿದು ಹತ್ತು ದಿನವಾಗಿತ್ತು. ಮತ್ತೊಬ್ಬಳು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅಣ್ಣ ಅವಳ ಕೈಗೆ ಮೊಬೈಲ್ ಕೊಡುವುದಿಲ್ಲ ಎಂದು ಅವಳ ಗೆಳತಿ ಹೇಳಿದಳು. ಕೊರೊನಾ ಕಾಲದಲ್ಲಿ ವಿದ್ಯಾಗಮ ಎಂದು ಮೇಷ್ಟ್ರುಗಳೇ ಊರೂರಿನ ಜಗುಲಿಗೆ ಏಕೆ ಹೋಗಬೇಕಾಯಿತು, ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳನ್ನು ಏಕೆ ಹಾಕಬೇಕಾಯಿತು ಎಂಬುದು ಆ ದಿನ ನನಗೆ ಅರ್ಥವಾಯಿತು. ಮನೆಗೆ ಕಳುಹಿಸಿದ ಕೊಂಡಿಯನ್ನು ಅಂಕಕ್ಕೆ ಲೆಕ್ಕ ಹಿಡಿಯುವುದು ಅನ್ಯಾಯ. ಅದನ್ನು ಮತ್ತೆ ಮಾಡಲಿಲ್ಲ.

ಇನ್ನು ದೊಡ್ಡಪ್ಪ, ನಿಮಗೆ ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಪ್ಲಿಕರ್ಸ್ ಎಂಬ ಒಂದು ಆ್ಯಪ್ ಇದೆ. ಮಕ್ಕಳ ಬಳಿ ಮೊಬೈಲ್ ಇರಬೇಕಾಗಿಲ್ಲ, ಶಿಕ್ಷಕರ ಬಳಿ ಒಂದಿದ್ದರೆ ಸಾಕು. ಮಕ್ಕಳಿಗೆ ಕೊಡುವುದು ಬರೀ ಕಾಗದದ ಚೀಟಿ. ಅದರ ಮೇಲೆ ಕಪ್ಪು ಚೌಕಗಳ ಒಂದು ಆಕೃತಿ, ಒಬ್ಬೊಬ್ಬರಿಗೂ ಬೇರೆ ಬೇರೆ. ಆಕೃತಿಯ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ನಾನು ಹಲಗೆಯ ಮೇಲೆ ಪ್ರಶ್ನೆ ಬರೆಯುತ್ತೇನೆ, ಹೌದು, ಸೀಮೆಸುಣ್ಣದಲ್ಲೇ. ಮಗು ತನ್ನ ಉತ್ತರದ ಬದಿ ಮೇಲೆ ಬರುವಂತೆ ಚೀಟಿಯನ್ನು ತಿರುಗಿಸಿ ಎತ್ತಿ ಹಿಡಿಯಬೇಕು. ನಾನು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ಆಡಿಸಿದರೆ ಯಾರು ಯಾವ ಉತ್ತರ ಕೊಟ್ಟರು ಎಂಬುದು ಪರದೆಯ ಮೇಲೆ ಬರುತ್ತದೆ. ಅಕ್ಷರಗಳು ಸಣ್ಣವು, ಆಕೃತಿಗಳು ಬೇರೆ ಬೇರೆ, ಆದ್ದರಿಂದ ಪಕ್ಕದವರ ಚೀಟಿ ನೋಡಿ ನಕಲು ಮಾಡುವುದು ಸುಲಭವಲ್ಲ. ತಪ್ಪು ಹೇಳಿ ನಗೆಪಾಟಲಾಗುವ ಭಯವೂ ಇಲ್ಲ. ಮಕ್ಕಳ ಹೆಸರುಗಳನ್ನು ನಾನು ಅದರಲ್ಲಿ ತುಂಬಿಸಿಲ್ಲ, ಹಾಜರಿ ಸಂಖ್ಯೆ ಮಾತ್ರ. ಹೊರಗಿನ ಯಾವುದೋ ಜಾಲತಾಣದಲ್ಲಿ ನಮ್ಮ ಮಕ್ಕಳ ಹೆಸರು ಕೂರಬೇಕಾದ ಅಗತ್ಯವಿಲ್ಲ.

ಮೊದಲ ದಿನ ಕೇಳಿದ ಪ್ರಶ್ನೆ ಇದು. ಒಂದು ಬ್ಯಾಟರಿಗೆ ಎರಡು ಬಲ್ಬುಗಳು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಣೆಯಾಗಿವೆ. ಮೊದಲ ಬಲ್ಬನ್ನು ದಾಟಿದ ಮೇಲೆ ವಿದ್ಯುತ್ ಪ್ರವಾಹ ಏನಾಗುತ್ತದೆ? ಎ, ಕಡಿಮೆಯಾಗುತ್ತದೆ. ಬಿ, ಅಷ್ಟೇ ಇರುತ್ತದೆ. ಸಿ, ಹೆಚ್ಚಾಗುತ್ತದೆ. ಡಿ, ನಿಂತುಹೋಗುತ್ತದೆ. ಓಮ್‌ನ ನಿಯಮವನ್ನು ಆಗಷ್ಟೇ ಪಟಪಟನೆ ಒಪ್ಪಿಸಿದ್ದ ತರಗತಿ. ಕ್ಯಾಮೆರಾ ಆಡಿಸಿದೆ. ಸರಿ ಉತ್ತರ ಬಿ, ಆದರೆ 38ರಲ್ಲಿ 26 ಮಕ್ಕಳು ಎ ಎಂದಿದ್ದರು. ತರಗತಿಗೇ ಮೊದಲಿಗನಾದ ಹುಡುಗನೂ ಆ 26ರಲ್ಲಿ ಒಬ್ಬ.

ಕೈ ಎತ್ತಿ ಎಂದು ಕೇಳಿದ್ದರೆ ಏನಾಗುತ್ತಿತ್ತು ಹೇಳಿ? ಮುಂದಿನ ಬೆಂಚಿನ ನಾಲ್ವರು ಕೈ ಎತ್ತುತ್ತಿದ್ದರು, ಒಬ್ಬಳು ಸರಿ ಹೇಳುತ್ತಿದ್ದಳು, ‘ಅರ್ಥವಾಯಿತಾ?’ ಎಂದರೆ ‘ಆಯಿತು ಮಿಸ್’ ಎಂದು ಎಲ್ಲರೂ ರಾಗ ಎಳೆಯುತ್ತಿದ್ದರು, ನಾನು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಆ 26 ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಏಕೆ ಎ ಎಂದಿರಿ ಎಂದು ಕೇಳಿದೆ. ಮೂರನೆಯ ಬೆಂಚಿನ ಹುಡುಗಿ, ಇದುವರೆಗೆ ಒಮ್ಮೆಯೂ ಮಾತಾಡದವಳು, ಎದ್ದು ನಿಂತು ಹೇಳಿದಳು: ‘ಮಿಸ್, ನಾಲೆ ನೀರು ಮೇಲಿನ ಗದ್ದೆಗೆ ಮೊದಲು ಬಿದ್ದು ಅಲ್ಲಿ ಇಂಗಿ, ಉಳಿದದ್ದು ತಾನೆ ಕೆಳಗಿನ ಗದ್ದೆಗೆ ಬರುವುದು?’ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೆಯೇ ನಿಂತಿತು. ಉತ್ತರ ತಪ್ಪು, ಆದರೆ ಆ ತಪ್ಪಿನ ಹಿಂದೆ ಎಂತಹ ಗಟ್ಟಿ ಅನುಭವವಿದೆ! ಕೆಳಗಿನ ಗದ್ದೆಯವರ ಮಗಳು ಅವಳು. ‘ತಪ್ಪು, ಕುಳಿತುಕೋ’ ಎಂದು ನಾನು ಹೇಗೆ ಹೇಳಲಿ? ನೀರಿನ ಹೋಲಿಕೆ ಬಿಟ್ಟು ಸೈಕಲ್ಲಿನ ಚೈನ್ ನೆನಪಿಸಿದೆ. ಪೆಡಲ್ ತುಳಿದರೆ ಚೈನಿನ ಕೊಂಡಿಗಳೆಲ್ಲ ಒಂದೇ ವೇಗದಲ್ಲಿ ಸಾಗುತ್ತವೆ, ಚಕ್ರ ತಿರುಗಿಸಿದ ಮೇಲೆ ಯಾವ ಕೊಂಡಿಯೂ ಕಡಿಮೆಯಾಗುವುದಿಲ್ಲ. ಖರ್ಚಾಗುವುದು ನಿಮ್ಮ ಕಾಲಿನ ಶಕ್ತಿ. ಹಾಗೆಯೇ ಬಲ್ಬು ತೆಗೆದುಕೊಳ್ಳುವುದು ಶಕ್ತಿಯನ್ನು, ತಂತಿಯಲ್ಲಿ ಹರಿಯುವ ವಿದ್ಯುದಾವೇಶಗಳನ್ನಲ್ಲ.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಫೆಟ್ ತೆರೆದೆ, ಪರದೆಯ ಮೇಲೆಯೇ ವಿಜ್ಞಾನದ ಪ್ರಯೋಗ ಮಾಡಿ ನೋಡುವ ತಂತ್ರಾಂಶ ಅದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಮರುವರ್ಷವೇ ಇದನ್ನು ಶುರು ಮಾಡಿದರು. ಇಷ್ಟು ದೊಡ್ಡ ವಿಜ್ಞಾನಿ ಶಾಲಾ ಮಕ್ಕಳ ಬಲ್ಬಿನ ಬಗ್ಗೆ ತಲೆ ಕೆಡಿಸಿಕೊಂಡರಲ್ಲ ಎಂದು ನನಗೆ ಬಹಳ ಗೌರವ. ಹಣ ಕೊಡಬೇಕಾಗಿಲ್ಲ, ಮನೆಯಲ್ಲೇ ಇಳಿಸಿಕೊಂಡು ಹೋದರೆ ಶಾಲೆಯಲ್ಲಿ ಇಂಟರ್ನೆಟ್ ಕೂಡ ಬೇಕಾಗಿಲ್ಲ. ಕರೆಂಟು ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ. ಈ ಸಲ ಪ್ರೊಜೆಕ್ಟರ್ ಬೇಡವೆಂದು ಮಕ್ಕಳನ್ನೇ ಆರಾರು ಜನರಂತೆ ಮೇಜಿನ ಸುತ್ತ ಕರೆದೆ. 9 ವೋಲ್ಟ್ ಬ್ಯಾಟರಿ, 10 ಓಮ್ ರೋಧದ ಎರಡು ಬಲ್ಬು, ಮೊದಲ ಬಲ್ಬಿನ ಆಚೆಗೊಂದು ಈಚೆಗೊಂದು ಪ್ರವಾಹ ಅಳೆಯುವ ಅಮ್ಮೀಟರ್. ಅವರೇ ತಂತಿ ಎಳೆದು ಜೋಡಿಸಿದರು. ಎರಡರಲ್ಲೂ 0.45 ಆಂಪಿಯರ್. ಓಮ್‌ನ ನಿಯಮದಂತೆ 9 ವೋಲ್ಟನ್ನು ಎರಡೂ ಬಲ್ಬುಗಳ ಒಟ್ಟು ರೋಧ 20 ಓಮ್‌ನಿಂದ ಭಾಗಿಸಿ ನೋಡಿ ಎಂದೆ. ಅಷ್ಟೇ ಬಂತು.

ಆಗ ಒಬ್ಬ ಹುಡುಗ ಕೇಳಿದ: ‘ಮಿಸ್, ಕಂಪ್ಯೂಟರಿಗೆ ಹೀಗೆ ತೋರಿಸು ಎಂದು ಹೇಳಿಕೊಟ್ಟಿದ್ದರೆ ಅದು ಹೀಗೇ ತೋರಿಸುತ್ತದೆ ಅಲ್ಲವೇ?’ ದೊಡ್ಡಪ್ಪ, ಈ ಇಡೀ ತರಬೇತಿಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಅದು. ಅವನ ಮಾತು ನಿಜ. ಪರದೆಯ ಬಲ್ಬು ಯಾರೋ ಬರೆದ ಲೆಕ್ಕದಂತೆ ಉರಿಯುತ್ತದೆ. ಮರುದಿನ ಪ್ರಯೋಗಾಲಯದ ಕಪಾಟಿನಿಂದ ತುಕ್ಕು ಹಿಡಿದ ಅಮ್ಮೀಟರ್ ತೆಗೆದು, ತುದಿಗಳನ್ನು ಮರಳು ಕಾಗದದಿಂದ ಉಜ್ಜಿ, ಟಾರ್ಚಿನ ಬಲ್ಬು, ಸೆಲ್ಲು ಜೋಡಿಸಿದೆವು. ಮುಳ್ಳು ಸ್ವಲ್ಪ ನಡುಗಿ ಎರಡೂ ಜಾಗದಲ್ಲಿ ಒಂದೇ ಗೆರೆಯ ಮೇಲೆ ನಿಂತಿತು. ಅವನು ಬಗ್ಗಿ ಎರಡೆರಡು ಸಲ ನೋಡಿ ಒಪ್ಪಿದ. ಮತ್ತೆ ಅದೇ ಪ್ರಶ್ನೆಯನ್ನು ತುಸು ಬದಲಿಸಿ ಚೀಟಿ ಎತ್ತಿಸಿದೆ. ಈ ಸಲ ತಪ್ಪಿದವರು ಐವರು, ಅವರು ಯಾರೆಂದೂ ನನಗೆ ಗೊತ್ತಾಯಿತು. ಸಂಜೆಯ ಬಿಡುವಿನಲ್ಲಿ ಆ ಐವರನ್ನು ಮಾತ್ರ ಕೂರಿಸಿಕೊಂಡೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್, ಪಾಠದ ವಿಡಿಯೊಗಳಿರುವ ಸರ್ಕಾರದ ದೀಕ್ಷಾ ಆ್ಯಪ್ ಇವೆಲ್ಲ ಇವೆ, ಬೇಕಾದ ಪಾಠವನ್ನು ಮೊದಲೇ ಇಳಿಸಿಟ್ಟುಕೊಂಡರೆ ಉಪಯೋಗವಾಗುತ್ತವೆ. ನಾನು ವಿಡಿಯೊಗಳನ್ನು ಹೆಚ್ಚಾಗಿ ನನ್ನ ತಯಾರಿಗೇ ಬಳಸುತ್ತೇನೆ.

ಪುಟ್ಟಿ, ಲ್ಯಾಪ್‌ಟಾಪ್ ವಿಷಯ. ದುಬಾರಿಯದು ಬೇಡ, ಎರಡು ಗಂಟೆ ಬ್ಯಾಟರಿ ನಿಲ್ಲುವ ಯಾವುದಾದರೂ ಸಾಕು, ಹಳೆಯದಾದರೂ ಸರಿ. ಆದರೆ ಕಾಲೇಜು ಶುರುವಾಗುವ ಮೊದಲು ಯೂನಿಕೋಡ್‌ನಲ್ಲಿ ಕನ್ನಡ ಬೆರಳಚ್ಚು ಕಲಿತುಕೋ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ದಿನಕ್ಕೆ ಅರ್ಧ ಗಂಟೆ ಕುಳಿತರೆ ಒಂದು ತಿಂಗಳಲ್ಲಿ ಕೈ ಕುದುರುತ್ತದೆ. ಚೀಟಿಗಳನ್ನು ನಾನು ಕೊಡುತ್ತೇನೆ. ಹೊಳಪಿನ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ, ಬೆಳಕು ಬಿದ್ದು ಕ್ಯಾಮೆರಾ ಗುರುತಿಸುವುದಿಲ್ಲ. ಕಪ್ಪು ಚೌಕಗಳ ಮೇಲೆ ಮಕ್ಕಳ ಬೆರಳು ಬರದಂತೆ ಹಿಡಿಯಲು ಮೊದಲೇ ಅಭ್ಯಾಸ ಮಾಡಿಸು.

ದೊಡ್ಡಪ್ಪ, ನಾನು ಒಂದನೆಯ ತರಗತಿಗೆ ಸೇರುವ ಮೊದಲು ನೀವು ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ನಿಮ್ಮ ಶಾಲೆಗೆ ಕರೆದೊಯ್ಯುತ್ತಿದ್ದಿರಿ. ಬಾಯಿಲೆಕ್ಕ ಹೇಳುತ್ತಿದ್ದಿರಿ. ಮಕ್ಕಳು ಸ್ಲೇಟಿನಲ್ಲಿ ಉತ್ತರ ಬರೆದು ಬೋರಲು ಹಾಕಬೇಕು, ನೀವು ‘ಎತ್ತಿ’ ಎಂದ ಕೂಡಲೇ ಎಲ್ಲರ ಸ್ಲೇಟೂ ಒಟ್ಟಿಗೆ ಮೇಲೇಳಬೇಕು. ನೀವು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸುತ್ತಿದ್ದಿರಿ. ನಾನು ಕ್ಯಾಮೆರಾ ಆಡಿಸುವಾಗ ಪ್ರತಿ ಸಲವೂ ನನಗೆ ಅದು ನೆನಪಾಗುತ್ತದೆ. ನಿಮ್ಮ ಸ್ಲೇಟು ಮರುಕ್ಷಣ ಅಳಿಸಿಹೋಗುತ್ತಿತ್ತು, ಆದರೆ ಯಾರು ಎಲ್ಲಿ ಎಡವಿದರು ಎಂಬುದು ನಿಮ್ಮ ತಲೆಯಲ್ಲಿ ಉಳಿಯುತ್ತಿತ್ತು. ನನಗೆ ಇನ್ನೂ ಆ ನೆನಪಿನ ಶಕ್ತಿ ಬಂದಿಲ್ಲ, ಅದನ್ನು ಮೊಬೈಲ್ ಇಟ್ಟುಕೊಳ್ಳುತ್ತದೆ. 23ನೆಯ ಸಂಖ್ಯೆಯ ಮಗು ಮೂರು ಪಾಠಗಳಿಂದ ತಪ್ಪುತ್ತಿದೆ ಎಂದು ಸಂಜೆ ಮನೆಯಲ್ಲಿ ಕುಳಿತು ನೋಡಬಲ್ಲೆ. ಆ ಮಗುವನ್ನು ಹೇಗೆ ಕೂರಿಸಿಕೊಂಡು ಮಾತಾಡಿಸಬೇಕು ಎಂಬುದು ಮೊಬೈಲಿನಲ್ಲಿಲ್ಲ, ಅದನ್ನು ನೀವು ಹೇಳಿಕೊಡಬೇಕು. ಭಾನುವಾರ ಊರಿಗೆ ಬರುತ್ತೇನೆ, ಆಗ ಮಾತಾಡೋಣ.

ಅತ್ತೆ, ನಿಮ್ಮಲ್ಲೊಂದು ಕೋರಿಕೆ. ಮುಂದಿನ ವಾರ 36 ಮಕ್ಕಳಿರುವ ಒಂಬತ್ತನೆಯ ತರಗತಿಗೂ ಚೀಟಿ ಮಾಡಬೇಕು. ಕಾಗದವನ್ನು ರಟ್ಟಿನ ಮೇಲೆ ಅಂಟಿಸದಿದ್ದರೆ ಎರಡೇ ದಿನದಲ್ಲಿ ಮುದುರಿಹೋಗುತ್ತದೆ. ಮನೆಯಲ್ಲಿರುವ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳನ್ನು ಒಲೆಗೆ ಹಾಕಬೇಡಿ, ದಪ್ಪನೆಯವನ್ನು ಎತ್ತಿಡಿ. ಬಸ್ಸು ಬಂತು, ಇಡುತ್ತೇನೆ.