ಸರ್ಕಾರಿ ಬಂಡೆ ಜಾಗದಲ್ಲಿ 2 ಎಕರೆ ಕಲ್ಲು ಕ್ವಾರಿ: ಹರಾಜು ಕೂಗುವ ಮೊದಲು

ಪ್ರಶ್ನೆ
ಕರ್ನಾಟಕದಲ್ಲಿ ಸರ್ಕಾರಿ ಖರಾಬು, 2 ಎಕರೆ, ಕಟ್ಟಡ ಕಲ್ಲು. ಅರ್ಜಿ ಕೊಟ್ಟರೆ ಸಾಕು ಅನ್ನುವವರೂ ಇದ್ದಾರೆ, ಹರಾಜೇ ಆಗಬೇಕು ಅನ್ನುವವರೂ ಇದ್ದಾರೆ. ಯಾವುದು ಸರಿ? 5 ಹೆಕ್ಟೇರಿಗಿಂತ ಚಿಕ್ಕದು, ಹಾಗಾಗಿ ಪರಿಸರ ಅನುಮತಿ ಬೇಕಿಲ್ಲ ತಾನೆ? 18 ಮೀಟರ್ ಆಳಕ್ಕೆ ಹೋದರೆ ಸುಮಾರು 1,45,000 ಘನ ಮೀಟರ್ ಕಲ್ಲು ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ.

ಉತ್ತರ 1
ಕಟ್ಟಡ ಕಲ್ಲು ಕಾನೂನಿನಲ್ಲಿ ಉಪಖನಿಜ, ಅದಕ್ಕೆ 1994ರ ರಾಜ್ಯ ನಿಯಮಾವಳಿ ಅನ್ವಯಿಸುತ್ತದೆ. 2016ರ ತಿದ್ದುಪಡಿಯ ನಂತರ ಸರ್ಕಾರಿ ಜಮೀನಿಗೆ ಸಾಮಾನ್ಯವಾಗಿ ಹರಾಜೇ. ಕೂಗಿದ ಮೊತ್ತ ರಾಜಧನದ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಮೇಲೆ ಬೀಳುತ್ತದೆ, ಅದರೊಳಗೆ ಸೇರಿಲ್ಲ.

ಪರಿಸರ ಅನುಮತಿ ಖಂಡಿತ ಬೇಕು. ಸುಪ್ರೀಂ ಕೋರ್ಟಿನ 2012ರ ದೀಪಕ್ ಕುಮಾರ್ ತೀರ್ಪಿನಿಂದ ಈಚೆಗೆ 5 ಹೆಕ್ಟೇರಿನೊಳಗಿನ ಗುತ್ತಿಗೆಗೂ ವಿನಾಯಿತಿ ಇಲ್ಲ. ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಅಕ್ಕಪಕ್ಕ 500 ಮೀಟರ್‌ನೊಳಗೆ ಬೇರೆ ಕ್ವಾರಿಗಳಿವೆಯೇ ನೋಡಿ. ಎಲ್ಲ ಸೇರಿ 5 ಹೆಕ್ಟೇರ್ ದಾಟಿದರೆ ಕ್ಲಸ್ಟರ್ ಎಂದು ಪರಿಗಣಿಸಿ ಪರಿಸರ ಪರಿಣಾಮ ವರದಿ, ಸಾರ್ವಜನಿಕ ಅಹವಾಲು ಎರಡನ್ನೂ ಕೇಳುತ್ತಾರೆ.

ಪಹಣಿಯಲ್ಲಿ ‘ಸರ್ಕಾರಿ’ ಎಂದಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಯಾವುದೇ ಸರ್ಕಾರಿ ದಾಖಲೆಯಲ್ಲಿ ಆ ಜಾಗ ಅರಣ್ಯ ಎಂದಿದ್ದರೆ, ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ಆದೇಶದಂತೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಶ್ನೆ ಏಳುತ್ತದೆ. ಗೋಮಾಳವಾದರೆ ದನಕರುಗಳ ಮೇವಿನ ಹಕ್ಕೂ ಇದೆ, ಊರಿನವರು ತಕರಾರು ತೆಗೆದರೆ ಅದರಲ್ಲಿ ನ್ಯಾಯವಿದೆ.

ಉತ್ತರ 2
ನಿಮ್ಮ ಕಲ್ಲಿನ ಲೆಕ್ಕ ತಪ್ಪು ಸರ್, ಹರಾಜಿನಲ್ಲಿ ಕೈಸುಡುವುದು ಇಲ್ಲೇ. 2 ಎಕರೆ ಚೌಕ ಎಂದುಕೊಂಡರೆ ಒಂದು ಬದಿ ಸುಮಾರು 90 ಮೀಟರ್. ಗಡಿಯಿಂದ ಸುತ್ತಲೂ 7.5 ಮೀಟರ್ ಬಿಟ್ಟರೆ ಉಳಿಯುವುದು 75. 1961ರ ಲೋಹ ಗಣಿ ನಿಬಂಧನೆಗಳ ಪ್ರಕಾರ ಗಟ್ಟಿ ಬಂಡೆಯಲ್ಲಿ ಬೆಂಚಿನ (ಮೆಟ್ಟಿಲಿನಂತೆ ಕೊರೆಯುವ ಹಂತ) ಎತ್ತರ 6 ಮೀಟರ್ ಮೀರಬಾರದು. ಅಗಲವನ್ನೂ 6 ಇಟ್ಟರೆ ಎರಡನೇ ಬೆಂಚು 63, ಮೂರನೆಯದು 51 ಮೀಟರ್. ಮೂರೂ ಸೇರಿ ಸುಮಾರು 73,000 ಘನ ಮೀಟರ್, ನಿಮ್ಮ ಅಂದಾಜಿನ ಅರ್ಧ! ಲಾರಿ ಇಳಿಯುವ ದಾರಿ, ಮೇಲ್ಮಣ್ಣು, ಒಡಕು ಕಲ್ಲು ಇನ್ನೂ ಕಳೆದಿಲ್ಲ. ಜಾಗ ಉದ್ದಕ್ಕೆ ಪಟ್ಟಿಯಂತಿದ್ದರೆ ನಷ್ಟ ಇನ್ನೂ ಹೆಚ್ಚು. ಸಾರ್ವಜನಿಕ ರಸ್ತೆ ಅಥವಾ ಬೇರೆಯವರ ಕಟ್ಟಡ 45 ಮೀಟರ್‌ನೊಳಗಿದ್ದರೆ ಆ ಭಾಗಕ್ಕೆ ಪ್ರತ್ಯೇಕ ಅನುಮತಿ ಬೇಕು.

ಪ್ರಶ್ನೆ ಕೇಳಿದವರು
ಧನ್ಯವಾದ. ಹರಾಜು ಗೆದ್ದ ಮೇಲೆ, ಪರಿಸರ ಅನುಮತಿ ಬರುವಷ್ಟರಲ್ಲಿ ಮೇಲ್ಮಣ್ಣು ತೆಗೆದಿಟ್ಟುಕೊಳ್ಳಬಹುದೇ?

ಉತ್ತರ 1
ಬೇಡವೇ ಬೇಡ. ಬೇಲಿ ಹಾಕಿ ಜಾಗ ಕಾಯ್ದುಕೊಳ್ಳಬಹುದು, ನೆಲ ಸಿದ್ಧಪಡಿಸುವಂತಿಲ್ಲ. ಕ್ವಾರಿ ಯೋಜನೆಗೆ ಮಂಜೂರಾತಿ, ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಗುತ್ತಿಗೆ ಪತ್ರದ ನೋಂದಣಿ ಎಲ್ಲ ಮುಗಿದ ಮೇಲೆಯೇ ಕೆಲಸ. ಅನುಮತಿ ಇಲ್ಲದೆ ತೆಗೆದ ಖನಿಜದ ಪೂರ್ತಿ ಬೆಲೆಯನ್ನು ಕೇಂದ್ರದ ಗಣಿ ಮತ್ತು ಖನಿಜ ಕಾಯ್ದೆಯ (ಎಂಎಂಡಿಆರ್) ಕಲಂ 21(5)ರ ಅಡಿ ವಸೂಲಿ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖರ್ಚು ಕಳೆದು ಕೊಡುತ್ತೇನೆ ಅಂದರೆ ಕೇಳುವುದಿಲ್ಲ. ಅಕ್ರಮ ಗಣಿಗಾರಿಕೆಗೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ ₹5 ಲಕ್ಷದವರೆಗೆ ದಂಡವೂ ಇದೆ. ಸಾಗಾಣಿಕೆ ಪರವಾನಗಿ ಇಲ್ಲದೆ ಲೋಡು ಹೊರಟರೆ ಲಾರಿಯನ್ನೂ ಜಪ್ತಿ ಮಾಡುತ್ತಾರೆ.